ವಾರದ ಟೀಮ್ ಮೀಟಿಂಗ್ ಮುಗಿದಾಗ ಜನರಲ್ಲಿ ಹುರುಪು ಉಳಿಯಬೇಕಾದರೆ ಅದನ್ನು ಹೇಗೆ ನಡೆಸಬೇಕು?

ಹೊಸಹೊಣೆ ಕೇಳಿದ್ದು:

ತಂಡದಲ್ಲಿ 9 ಜನ. 6 ಜನ ಒಂದೇ ಕೋಣೆಯಲ್ಲಿ, ಉಳಿದ 3 ಜನ ವಿಡಿಯೊದಲ್ಲಿ. ಪ್ರತಿ ಸೋಮವಾರ ಬೆಳಿಗ್ಗೆ 1 ಗಂಟೆ ಮೀಟಿಂಗ್. ಈಗಿರುವ ಕ್ರಮ ಹೀಗೆ: ಮೊದಲ 10 ನಿಮಿಷ ಗುರಿ, ಉತ್ಸಾಹ ಅಂತ ನಾಯಕರ ಮಾತು, ಆಮೇಲೆ ಸರದಿಯಂತೆ ಒಬ್ಬೊಬ್ಬರ ಸ್ಟೇಟಸ್, ಕೊನೆಗೆ "ಯಾರಿಗಾದರೂ ಏನಾದರೂ ಹೇಳುವುದಿದೆಯಾ?" ಎಂಬ ಪ್ರಶ್ನೆ. ಅದಕ್ಕೆ ಯಾರೂ ಬಾಯಿ ಬಿಡುವುದಿಲ್ಲ. ಮೀಟಿಂಗ್ ಮುಗಿದ ಮೇಲೆ ನಿಜವಾದ ತೊಂದರೆಗಳೆಲ್ಲ ಖಾಸಗಿ ಚಾಟ್‌ನಲ್ಲಿ ಹೊರಬೀಳುತ್ತವೆ. ಒಪ್ಪಿಕೊಂಡ ಕೆಲಸಗಳಲ್ಲಿ ಸುಮಾರು ಅರ್ಧ ಮುಂದಿನ ವಾರಕ್ಕೂ ಹಾಗೇ ಉಳಿದಿರುತ್ತವೆ.

ಮಾತಿನ ಭಾಗವನ್ನು ಇನ್ನಷ್ಟು ಚೆನ್ನಾಗಿ ತಯಾರಿಸಿಕೊಂಡರೆ ಸಾಕೇ? ಅಥವಾ ಕ್ರಮವನ್ನೇ ಬದಲಿಸಬೇಕೇ? ಎಷ್ಟು ನಿಮಿಷ, ಏನು ಮೊದಲು, ಯಾವ ಪ್ರಶ್ನೆ ಕೇಳಬೇಕು ಎಂಬ ಮಟ್ಟದ ವಿವರ ಬೇಕು.

---

ಗಡಿಯಾರದಮುಳ್ಳು ಉತ್ತರ:

ಕ್ರಮವನ್ನೇ ಬದಲಿಸಿ. ಆ 10 ನಿಮಿಷದ ಮಾತನ್ನು ಎಷ್ಟು ಹೊಳಪು ಮಾಡಿದರೂ ಫಲ ಕಡಿಮೆ, ಏಕೆಂದರೆ ಕೆಲಸದಲ್ಲಿ ಹುರುಪು ಹುಟ್ಟುವುದು ಮಾತಿನಿಂದಲ್ಲ. ಸಂಶೋಧಕರಾದ ತೆರೇಸಾ ಅಮಾಬಿಲೆ ಮತ್ತು ಸ್ಟೀವನ್ ಕ್ರೇಮರ್ 7 ಕಂಪನಿಗಳ 26 ತಂಡಗಳಲ್ಲಿದ್ದ 238 ಜನರಿಂದ ದಿನದ ಕೊನೆಗೆ ಟಿಪ್ಪಣಿ ಬರೆಸಿ, ಅಂಥ ಸುಮಾರು 12,000 ಟಿಪ್ಪಣಿಗಳನ್ನು ಪರಿಶೀಲಿಸಿದರು. ಜನ ಅತ್ಯಂತ ಉತ್ಸಾಹದಿಂದಿದ್ದ ದಿನಗಳಲ್ಲಿ 76% ದಿನ ಕೆಲಸ ಒಂದು ಹೆಜ್ಜೆಯಾದರೂ ಮುಂದೆ ಹೋಗಿತ್ತು. ಮನಸ್ಸು ಕುಗ್ಗಿದ್ದ ದಿನಗಳಲ್ಲಿ 67% ದಿನ ಕೆಲಸಕ್ಕೆ ಹಿನ್ನಡೆಯಾಗಿತ್ತು. ಅವರೇ 669 ವ್ಯವಸ್ಥಾಪಕರಿಗೆ ಐದು ಅಂಶಗಳನ್ನು ಕೊಟ್ಟು, ಜನರನ್ನು ಹುರಿದುಂಬಿಸುವುದರಲ್ಲಿ ಯಾವುದು ಮುಖ್ಯ ಎಂದು ಕೇಳಿದಾಗ 'ಕೆಲಸ ಮುಂದೆ ಸಾಗುವುದು' ಎಂಬುದು ಕೊನೆಯ ಸ್ಥಾನಕ್ಕೆ ಬಿತ್ತು. ಮೀಟಿಂಗ್‌ಗಳು ಭಾಷಣದಿಂದ ಶುರುವಾಗುವುದರ ಹಿಂದೆ ಇರುವುದು ಇದೇ ತಪ್ಪು ಅಂದಾಜು ಅಂತ ನನಗನಿಸುತ್ತದೆ. ಹಾಗಾಗಿ ಮೀಟಿಂಗ್ ಮಾಡಬೇಕಾದ ಕೆಲಸ ಎರಡು: ಏನು ಮುಂದೆ ಹೋಯಿತು ಎಂಬುದು ಎಲ್ಲರ ಕಣ್ಣಿಗೆ ಬೀಳಬೇಕು, ಏನು ಅಡ್ಡ ನಿಂತಿದೆಯೋ ಅದನ್ನು ಸರಿಸಲು ಒಬ್ಬರು ಹೊಣೆ ಹೊರಬೇಕು.

ಮೊದಲು ಸ್ಟೇಟಸ್ ಸರದಿಯನ್ನು ತೆಗೆಯಿರಿ. ತಲೆಗೆ 5 ನಿಮಿಷ ಎಂದರೂ 9 ಜನಕ್ಕೆ 45 ನಿಮಿಷ. ಅದರಲ್ಲಿ ಪ್ರತಿಯೊಬ್ಬರೂ 40 ನಿಮಿಷ ಬೇರೆಯವರದ್ದನ್ನು ಕೇಳುತ್ತಾರೆ, ಬಹುಪಾಲು ತಮಗೆ ಸಂಬಂಧವಿಲ್ಲದ್ದನ್ನು. ತಮ್ಮ ಸರದಿ ಬರುವ ತನಕ ಏನು ಹೇಳಬೇಕೆಂದು ಯೋಚಿಸುತ್ತಾರೆ, ಸರದಿ ಮುಗಿದ ಮೇಲೆ ಇಮೇಲ್ ನೋಡುತ್ತಾರೆ. ಬದಲಿಗೆ ಶುಕ್ರವಾರ ಸಂಜೆ 4ರೊಳಗೆ ಎಲ್ಲರೂ ಒಂದೇ ಹಂಚಿಕೆಯ ಕಡತದಲ್ಲಿ ಮೂರು ಸಾಲು ಬರೆಯಲಿ: ಏನು ಮುಗಿಯಿತು, ಎಲ್ಲಿ ಸಿಕ್ಕಿಹಾಕಿಕೊಂಡಿದೆ, ಯಾರಿಂದ ಏನು ಬೇಕು. ಮೂರನೇ ಸಾಲಿನಲ್ಲಿ ಹೆಸರು ಕಡ್ಡಾಯ. "ಬೇರೆ ವಿಭಾಗದಿಂದ ಮಾಹಿತಿ ಬರಬೇಕು" ಅಂತ ಬರೆದರೆ ಅದು ಅಲ್ಲೇ ಕೊಳೆಯುತ್ತದೆ.

ಸೋಮವಾರಕ್ಕೆ 45 ನಿಮಿಷ ಸಾಕು. ಹಂಚಿಕೆ ಹೀಗೆ:

0–5: ಕಳೆದ ವಾರದ ಪಟ್ಟಿ. ಪ್ರತಿ ಸಾಲಿಗೂ ಹೊಣೆ ಹೊತ್ತವರು 'ಆಯಿತು', 'ಇಲ್ಲ', 'ಬೇಡವಾಯಿತು' ಇವುಗಳಲ್ಲಿ ಒಂದನ್ನು ಹೇಳುತ್ತಾರೆ. ವಿವರಣೆ ಇಲ್ಲ, ಕಾರಣವೂ ಇಲ್ಲ.

5–12: ಮುಂದೆ ಹೋದ ಎರಡು ಕೆಲಸಗಳು. ಮಾಡಿದವರೇ ತಲಾ 3 ನಿಮಿಷದಲ್ಲಿ *ತೋರಿಸಬೇಕು*: ಸ್ಕ್ರೀನ್, ಮಾದರಿ, ಗ್ರಾಹಕರ ಪತ್ರ, ಮೊದಲಿನ ಮತ್ತು ಈಗಿನ ಅಂಕಿ, ಏನಾದರೂ ಸರಿ. ಅದರಿಂದ ಯಾರಿಗೆ ಅನುಕೂಲವಾಯಿತು ಎಂಬ ಒಂದು ವಾಕ್ಯ ಇರಲೇಬೇಕು.

12–22: ಅಡಚಣೆಗಳು. ಶುಕ್ರವಾರದ ಕಡತದಿಂದ ಗರಿಷ್ಠ 3 ಆಯ್ದು, ತಲಾ 3 ನಿಮಿಷ.

22–40: ತೀರ್ಮಾನ ಬೇಕಾದ ಒಂದೇ ಒಂದು ವಿಷಯ.

40–45: ಈ ದಿನ ಒಪ್ಪಿಕೊಂಡದ್ದನ್ನು ಜೋರಾಗಿ ಓದುವುದು. ಯಾರು, ಏನು, ಯಾವ ದಿನಕ್ಕೆ.

ಎಲ್ಲಿ ಕೆಡುತ್ತದೆ ಅಂದರೆ ಮುಖ್ಯವಾಗಿ 12–22ರಲ್ಲಿ. ಅಡಚಣೆ ಹೇಳಿದ ಕೂಡಲೇ ವಿಷಯ ಗೊತ್ತಿರುವ ಇಬ್ಬರು ಅಲ್ಲೇ ಪರಿಹಾರಕ್ಕೆ ಇಳಿಯುತ್ತಾರೆ, ಉಳಿದ 7 ಜನ ಪ್ರೇಕ್ಷಕರಾಗುತ್ತಾರೆ. ಆ ಹತ್ತು ನಿಮಿಷದ ಉದ್ದೇಶ ಪರಿಹಾರವಲ್ಲ. ಯಾರು ಯಾರೊಂದಿಗೆ ಯಾವಾಗ ಕೂರುತ್ತಾರೆ ಎಂದು ನಿಗದಿಯಾಗುವುದು. "ನೀವಿಬ್ಬರೂ ಇವತ್ತು 11:30ಕ್ಕೆ 20 ನಿಮಿಷ ಕೂತು, ಏನಾಯಿತು ಅಂತ ಕಡತದಲ್ಲಿ ಹಾಕಿ" ಎಂದು ಹೇಳಿ ಮುಂದಕ್ಕೆ ಹೋಗಿ. ಅಡಚಣೆ ತಂಡದ ಹೊರಗಿನದಾದರೆ (ಅನುಮತಿ, ಹಣ, ಬೇರೆ ವಿಭಾಗ) ಅದನ್ನು ನಾಯಕರು ತಮ್ಮ ಹೆಸರಿಗೇ ಬರೆದುಕೊಳ್ಳಬೇಕು, ಮುಂದಿನ ವಾರ ಪಟ್ಟಿಯಲ್ಲಿ ಅದಕ್ಕೂ 'ಆಯಿತು' ಅಥವಾ 'ಇಲ್ಲ' ಹೇಳಬೇಕು. ಜನರ ವಿಶ್ವಾಸ ಗಳಿಸಲು ಇದಕ್ಕಿಂತ ನೇರವಾದ ದಾರಿ ನನಗೆ ಗೊತ್ತಿಲ್ಲ.

ಇನ್ನೊಂದು ಅಪಾಯ 5–12ರದ್ದು. ಕಣ್ಣಿಗೆ ಕಾಣುವ ಕೆಲಸ ಮಾಡುವವರೇ ಪ್ರತಿ ವಾರ ತೋರಿಸುತ್ತಾರೆ. ಪರೀಕ್ಷೆ, ದಾಖಲೆ, ದುರಸ್ತಿ ಮಾಡುವವರ ಸರದಿ ಬರುವುದೇ ಇಲ್ಲ. ಯಾರು ತೋರಿಸಿದರು ಎಂದು ಗುರುತು ಹಾಕಿಕೊಂಡು, 5 ವಾರದೊಳಗೆ 9 ಜನಕ್ಕೂ ಒಮ್ಮೆಯಾದರೂ ಬರುವಂತೆ ನೋಡಿಕೊಳ್ಳಿ. ದುರಸ್ತಿ ಕೆಲಸದವರಿಗೆ "ಈ ವಾರ ಏನು ಕೆಡಲಿಲ್ಲ, ಯಾಕೆ ಕೆಡಲಿಲ್ಲ" ಎಂದು ತೋರಿಸಲು ಹೇಳಬಹುದು.

ತೀರ್ಮಾನದ ವಿಷಯವನ್ನು ಅಜೆಂಡಾದಲ್ಲಿ ಪ್ರಶ್ನೆಯಾಗಿಯೇ ಬರೆಯಿರಿ. 'ಬಿಡುಗಡೆ ದಿನಾಂಕ' ಎಂದು ಬರೆದರೆ ಜನ ಆ ವಿಷಯದ ಸುತ್ತ ಮಾತಾಡುತ್ತಾರೆ. 'ಬಿಡುಗಡೆಯನ್ನು ಒಂದು ವಾರ ಮುಂದೂಡಬೇಕೇ, ಅಥವಾ ವರದಿಯ ಭಾಗ ಬಿಟ್ಟು ಅದೇ ದಿನಕ್ಕೆ ಕೊಡಬೇಕೇ?' ಎಂದು ಬರೆದರೆ ಉತ್ತರ ಸಿಕ್ಕಿತೋ ಇಲ್ಲವೋ ಎಂಬುದು ಎಲ್ಲರಿಗೂ ತಿಳಿಯುತ್ತದೆ. ಪಕ್ಕದಲ್ಲಿ ಅಂತಿಮ ತೀರ್ಮಾನ ಯಾರದು ಎಂದೂ ಬರೆಯಿರಿ. ತೀರ್ಮಾನ ಈಗಾಗಲೇ ಆಗಿದ್ದರೆ ದಯವಿಟ್ಟು ಅಭಿಪ್ರಾಯ ಕೇಳಬೇಡಿ. "ಇದು ನಿರ್ಧಾರವಾಗಿದೆ, ಜಾರಿ ಮಾಡುವುದು ಹೇಗೆ ಎಂಬುದಷ್ಟೇ ಚರ್ಚೆ" ಎಂದು ನೇರವಾಗಿ ಹೇಳಿ. ಕೇಳಿದಂತೆ ಮಾಡಿ ಕೇಳದೇ ಹೋದರೆ ಜನ ಮುಂದಿನ ಸಲ ಬಾಯಿ ತೆರೆಯುವುದಿಲ್ಲ.

---

ಎರಡನೇಸಾಲು ಉತ್ತರ:

ಮೇಲಿನ ಹಂಚಿಕೆ ಚೆನ್ನಾಗಿದೆ. ನಾನು ಮೌನದ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಕ್ರಮ ಎಷ್ಟು ಸರಿಯಿದ್ದರೂ ಇಬ್ಬರೇ ಮಾತಾಡಿದರೆ ಉಳಿದವರಿಗೆ ಅದು ತಮ್ಮ ಮೀಟಿಂಗ್ ಅನ್ನಿಸುವುದಿಲ್ಲ.

"ಯಾರಿಗಾದರೂ ಏನಾದರೂ ಹೇಳುವುದಿದೆಯಾ?" ಎಂಬ ಪ್ರಶ್ನೆಗೆ ಸುಲಭದ ಉತ್ತರ 'ಇಲ್ಲ'. ಅದನ್ನು ಕೇಳುವುದೂ ಎಲ್ಲರೂ ಎದ್ದು ಹೊರಡುವ ಹೊತ್ತಿಗೆ. ಅದರ ಬದಲು ಉತ್ತರ ಇದೆ ಎಂದೇ ಊಹಿಸುವ ಪ್ರಶ್ನೆ ಕೇಳಿ: "ಈ ಯೋಜನೆಯಲ್ಲಿ ಮೊದಲು ಮುರಿದುಬೀಳುವ ಭಾಗ ಯಾವುದು?", "ಈ ದಿನಾಂಕ ತಪ್ಪಿದರೆ ಕಾರಣ ಏನಾಗಿರುತ್ತದೆ?" ಕೇಳಿದ ಮೇಲೆ ಕಾಯಿರಿ. ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಶಾಲಾ ತರಗತಿಗಳಲ್ಲಿ ಗಮನಿಸಿದಂತೆ ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಸುಮಾರು 1 ಸೆಕೆಂಡ್ ಮಾತ್ರ ಕಾಯುತ್ತಿದ್ದರು. ಅದನ್ನು 3 ಸೆಕೆಂಡ್ ದಾಟಿಸಿದಾಗ ಉತ್ತರಗಳು ಉದ್ದವಾದವು, ಸಾಮಾನ್ಯವಾಗಿ ಸುಮ್ಮನಿರುವ ಮಕ್ಕಳೂ ಮಾತಾಡಿದರು. ವಿಡಿಯೊದಲ್ಲಿ ಧ್ವನಿ ತಲುಪುವುದೂ ಮ್ಯೂಟ್ ತೆಗೆಯುವುದೂ ಸೇರಿ ಹೆಚ್ಚು ಹೊತ್ತು ಬೇಕು. 8 ಸೆಕೆಂಡ್ ತನಕ ಏನೂ ಹೇಳದೆ ಕೂರಿ. ನಡುವೆ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಮತ್ತೆ ಕೇಳಬೇಡಿ, ಅದು ಯೋಚಿಸುತ್ತಿದ್ದವರ ಎಳೆಯನ್ನು ಕಡಿಯುತ್ತದೆ.

ತೀರ್ಮಾನದ 18 ನಿಮಿಷಕ್ಕೆ ನನ್ನ ಸಲಹೆ: ಮೊದಲ 4 ನಿಮಿಷ ಎಲ್ಲರೂ ಮೌನವಾಗಿ ಬರೆಯುವುದು. ಒಬ್ಬೊಬ್ಬರಾಗಿ ಮಾತಾಡುವಾಗ ಕೇಳುತ್ತಿರುವವರ ಯೋಚನೆ ನಿಲ್ಲುತ್ತದೆ ಅಥವಾ ಮರೆತುಹೋಗುತ್ತದೆ. ಮೈಕೆಲ್ ಡೀಲ್ ಮತ್ತು ವೋಲ್ಫ್‌ಗ್ಯಾಂಗ್ ಸ್ಟ್ರೋಬೆ 1987ರ ಪ್ರಯೋಗಗಳಲ್ಲಿ ಇದನ್ನು ತೋರಿಸಿದ್ದಾರೆ. ಬೇರೆಬೇರೆಯಾಗಿ ಯೋಚಿಸಿದವರ ಆಲೋಚನೆಗಳನ್ನು ಕೂಡಿಸಿದರೆ ಒಟ್ಟಿಗೆ ಕೂತ ಗುಂಪಿನದಕ್ಕಿಂತ ಹೆಚ್ಚಿದ್ದವು. ಆಮೇಲೆ 9 ಜನ ತಲಾ 40 ಸೆಕೆಂಡ್ ತಾವು ಬರೆದದ್ದನ್ನು ಓದುವುದು, ಅದಕ್ಕೆ 6 ನಿಮಿಷ. ಉಳಿದ 8 ನಿಮಿಷ ಚರ್ಚೆ ಮತ್ತು ತೀರ್ಮಾನ.

ಓದುವ ಅನುಕ್ರಮ ಬಹಳ ಮುಖ್ಯ. ಮೊದಲು ವಿಡಿಯೊದಲ್ಲಿರುವ ಮೂವರು, ಆಮೇಲೆ ತಂಡಕ್ಕೆ ಹೊಸದಾಗಿ ಸೇರಿದವರು, ಕೊನೆಗೆ ಹಿರಿಯರು, ಎಲ್ಲರಿಗಿಂತ ಕೊನೆಗೆ ನಾಯಕರು. ನಾಯಕರು ಮೊದಲು ಬಾಯಿ ಬಿಟ್ಟರೆ ಉಳಿದವರು ಅದಕ್ಕೆ ಹೊಂದುವಂತೆ ತಮ್ಮ ಮಾತನ್ನು ತಿದ್ದಿಕೊಳ್ಳುತ್ತಾರೆ. ಮನೋವಿಜ್ಞಾನಿ ಸಾಲಮನ್ ಆಶ್ 1950ರ ದಶಕದಲ್ಲಿ ಮಾಡಿದ, ಗುಂಪಿನಲ್ಲಿ ಕೂತು ಗೆರೆಗಳ ಉದ್ದ ಹೋಲಿಸುವ ಪ್ರಯೋಗದಲ್ಲಿ, ಕಣ್ಣಿಗೆ ಸ್ಪಷ್ಟವಾಗಿ ಕಾಣುವ ವಿಷಯದಲ್ಲೂ ಸುಮಾರು ಮೂರನೇ ಒಂದರಷ್ಟು ಉತ್ತರಗಳು ಗುಂಪಿನ ತಪ್ಪು ಉತ್ತರದ ಕಡೆ ವಾಲಿದವು. ಒಬ್ಬನೇ ಒಬ್ಬ ಬೇರೆ ಹೇಳಿದರೂ ಆ ವಾಲಿಕೆ ತೀರಾ ಕುಗ್ಗಿತು. ಆದ್ದರಿಂದ ಯಾರಾದರೂ ಭಿನ್ನವಾಗಿ ಹೇಳಿದಾಗ ನಿಮ್ಮ ಮೊದಲ ಮಾತು "ಅದನ್ನು ಇನ್ನೊಂದು ಸಾಲು ವಿವರಿಸಿ" ಎಂದಿರಲಿ, "ಹೌದು, ಆದರೆ" ಎಂದಿರುವುದು ಬೇಡ. ಆ ಒಬ್ಬರಿಗೆ ನೀವು ಹೇಗೆ ಉತ್ತರಿಸುತ್ತೀರಿ ಎಂಬುದನ್ನು ಉಳಿದವರೆಲ್ಲ ನೋಡುತ್ತಿರುತ್ತಾರೆ.

ಕೋಣೆ ಮತ್ತು ವಿಡಿಯೊ ಎರಡೂ ಸೇರಿದ್ದಾಗ ದೊಡ್ಡ ತೊಂದರೆ ಧ್ವನಿಯದು. ಮೇಜಿನ ನಡುವಿನ ಒಂದೇ ಮೈಕ್ ಮೂಲೆಯಲ್ಲಿರುವವರ ಮಾತನ್ನೂ ಅಡ್ಡಮಾತನ್ನೂ ನಗುವನ್ನೂ ಒಂದೇ ಗದ್ದಲವಾಗಿ ಕಳಿಸುತ್ತದೆ. ದೂರದವರು ಹತ್ತು ನಿಮಿಷಕ್ಕೆ ಕೈಬಿಡುತ್ತಾರೆ. ಸಾಧ್ಯವಾದರೆ ಕೋಣೆಯವರೂ ತಮ್ಮ ತಮ್ಮ ಲ್ಯಾಪ್‌ಟಾಪ್‌ನಿಂದಲೇ ಹೆಡ್‌ಸೆಟ್ ಹಾಕಿ ಸೇರಲಿ. ಆದರೆ ಒಂದೇ ಕೋಣೆಯಲ್ಲಿ ಎರಡು ಸ್ಪೀಕರ್ ತೆರೆದಿದ್ದರೆ ಧ್ವನಿ ಸುತ್ತಿಕೊಂಡು ಕಿರುಚುತ್ತದೆ, ಹೆಡ್‌ಸೆಟ್ ಇಲ್ಲದವರ ಸ್ಪೀಕರ್ ಮುಚ್ಚಿರಲಿ. ಅದು ಆಗದಿದ್ದರೆ ಕೋಣೆಯಲ್ಲಿ ಒಬ್ಬರನ್ನು ದೂರದವರ ಪರವಾಗಿ ನೇಮಿಸಿ: ಚಾಟ್ ನೋಡುವುದು, ಅವರು ಕೈ ಎತ್ತಿದರೆ ಮಾತು ನಿಲ್ಲಿಸಿ ಹೇಳುವುದು, ಅಷ್ಟೇ ಅವರ ಕೆಲಸ. ಬೋರ್ಡ್ ಮೇಲೆ ಬರೆಯುವುದನ್ನು ಬಿಟ್ಟು ಹಂಚಿಕೆಯ ಕಡತದಲ್ಲೇ ಬರೆಯಿರಿ.

---

ಹದವಾದಮಾತು ಉತ್ತರ:

ಮೆಚ್ಚುಗೆಯ ವಿಷಯಕ್ಕೆ ಬರೋಣ. ಹುರಿದುಂಬಿಸುವ ಮೀಟಿಂಗ್ ಎಂದಕೂಡಲೇ ಚಪ್ಪಾಳೆ, 'ವಾರದ ತಾರೆ', ಸಣ್ಣ ಬಹುಮಾನ ಎಂದು ಹೊರಡುತ್ತಾರೆ. ನಾನು ಇದಕ್ಕೆ ವಿರೋಧಿ. 9 ಜನರಲ್ಲಿ ಒಬ್ಬರಿಗೆ ತಾರೆ ಕೊಟ್ಟರೆ 8 ಜನರಿಗೆ ಕೊಡಲಿಲ್ಲ ಎಂದಾಯಿತು. ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಗಟು ಬಿಡಿಸಲು ಹಣ ಪಡೆದ ವಿದ್ಯಾರ್ಥಿಗಳು ಹಣ ನಿಂತ ಮೇಲೆ ಬಿಡುವಿನ ಹೊತ್ತಿನಲ್ಲಿ ಅದನ್ನು ಮುಟ್ಟುವುದೇ ಕಡಿಮೆಯಾಯಿತು. ಅದೇ ಅಧ್ಯಯನದಲ್ಲಿ ಬಾಯಿಮಾತಿನ ಮೆಚ್ಚುಗೆ ಹಾಗೆ ಕೆಡಿಸಲಿಲ್ಲ, ಆಸಕ್ತಿಯನ್ನು ಉಳಿಸಿತು. ಅಂದರೆ ಮಾತು ಸಾಕು, ಆದರೆ ಮಾತಿನಲ್ಲಿ ತಿರುಳಿರಬೇಕು.

"ಸೂಪರ್ ಕೆಲಸ!" ಎನ್ನುವುದರಲ್ಲಿ ಮಾಹಿತಿ ಇಲ್ಲ. ಮೂರು ಅಂಶ ಸೇರಿಸಿ: ಏನು ಮಾಡಿದರು, ಅದರಲ್ಲಿ ಕಷ್ಟ ಏನಿತ್ತು, ಅದರಿಂದ ಏನು ಬದಲಾಯಿತು. "ಹಳೆಯ ದಾಖಲೆಗಳಲ್ಲಿ ದಿನಾಂಕ ಮೂರು ರೀತಿಯಲ್ಲಿ ಇತ್ತು, ಅದನ್ನೆಲ್ಲ ಒಂದೇ ರೀತಿಗೆ ತಂದಿದ್ದೀರಿ, ಈಗ ತಿಂಗಳ ವರದಿ ಕೈಯಿಂದ ತಿದ್ದದೆಯೇ ಬರುತ್ತಿದೆ." ಇಷ್ಟಕ್ಕೆ 15 ಸೆಕೆಂಡ್ ಸಾಕು. ಕೇಳುವ ಬೇರೆಯವರಿಗೂ ಇಲ್ಲಿ ಯಾವ ಕೆಲಸಕ್ಕೆ ಬೆಲೆ ಇದೆ ಎಂಬುದು ತಿಳಿಯುತ್ತದೆ. ಕೆಲವರಿಗೆ ಎಲ್ಲರೆದುರು ಹೊಗಳಿಸಿಕೊಳ್ಳುವುದು ಹಿಂಸೆ. ಅವರನ್ನು ಮೊದಲೇ ಕೇಳಿ, ಬೇಡವೆಂದರೆ ಕೆಲಸವನ್ನು ಮಾತ್ರ ಹೇಳಿ ಹೆಸರು ಬಿಡಿ. ಮೆಚ್ಚುಗೆಯ ಬಾಲಕ್ಕೆ "ಹೀಗೇ ಮುಂದಿನ ವಾರ ಅದನ್ನೂ ಮುಗಿಸಿಬಿಡಿ" ಎಂದು ಹೊಸ ಕೆಲಸ ಕಟ್ಟಲೇಬಾರದು.

ಕೆಟ್ಟ ಸುದ್ದಿ ಇರುವ ವಾರ (ಗುರಿ ತಪ್ಪಿದೆ, ಯೋಜನೆ ರದ್ದಾಗಿದೆ) ಉತ್ಸಾಹದ ಧಾಟಿಯನ್ನು ಪೂರ್ತಿ ಬಿಡಿ. ಮೊದಲ ವಾಕ್ಯದಲ್ಲೇ ಸುದ್ದಿ ಹೇಳಿ, ಪೀಠಿಕೆ ಬೇಡ. ನಂತರ ಯಾಕೆ ಎಂಬುದು, ಯಾರ ಕೆಲಸದ ಮೇಲೆ ಏನು ಪರಿಣಾಮ ಎಂಬುದು, ಇನ್ನೂ ನಿರ್ಧಾರವಾಗದ್ದು ಏನು, ಅದು ಯಾವ ದಿನ ತಿಳಿಯುತ್ತದೆ ಎಂಬುದು. ಉಳಿದ ಹೊತ್ತು ಪ್ರಶ್ನೆಗಳಿಗೆ. ಆ ದಿನ 5–12ರ ಪ್ರದರ್ಶನ ಬೇಡ, ಒಂದು ವಾರ ಮುಂದಕ್ಕೆ ಹಾಕಿ.

---

ಹೊಸಹೊಣೆ:

ಬಹಳ ಉಪಯುಕ್ತ. ಎರಡು ಉಳಿದವು. ನಮ್ಮಲ್ಲೂ ಹೆಚ್ಚು ಮಾತಾಡುವ ಇಬ್ಬರಿದ್ದಾರೆ, ಇಬ್ಬರೂ ಒಳ್ಳೆಯ ಕೆಲಸಗಾರರು, ಅವರನ್ನು ನೋಯಿಸದೆ ತಡೆಯುವುದು ಹೇಗೆ? ಮತ್ತೆ ಕಳೆದ ವಾರದ ಪಟ್ಟಿ ಓದುವಾಗ 'ಇಲ್ಲ' ಎಂಬ ಉತ್ತರ ಒಬ್ಬರಿಂದಲೇ ಪದೇಪದೇ ಬಂದರೆ ಎಲ್ಲರೆದುರು ಕೇಳಬೇಕಾ?

---

ನೇರದಾರಿ ಉತ್ತರ:

ಎರಡನೆಯದು ಮೊದಲು. ಎಲ್ಲರೆದುರು ಕಾರಣ ಕೇಳಬೇಡಿ. ಕೇಳಿದರೆ ಮುಂದಿನ ವಾರದಿಂದ ಎಲ್ಲವೂ 'ಬಹುತೇಕ ಆಯಿತು' ಆಗಿಬಿಡುತ್ತೆ, ನಿಮ್ಮ ಪಟ್ಟಿ ಸುಳ್ಳು ಹೇಳೋಕೆ ಶುರು ಮಾಡುತ್ತೆ. ನಿಯಮ ಇಷ್ಟೇ ಇಡಿ: ಒಂದು ಕೆಲಸಕ್ಕೆ ಸತತ ಎರಡು ವಾರ 'ಇಲ್ಲ' ಬಂದರೆ ಅದು ಹಾಗೇ ಮೂರನೇ ವಾರಕ್ಕೆ ಹೋಗೋ ಹಾಗಿಲ್ಲ. ಚಿಕ್ಕದು ಮಾಡಬೇಕು, ಬೇರೆಯವರಿಗೆ ಕೊಡಬೇಕು, ಇಲ್ಲ ಕೈಬಿಡಬೇಕು. ಯಾವುದು ಅನ್ನೋದನ್ನು ಅದೇ ದಿನ ಇಬ್ಬರೇ ಕೂತು 10 ನಿಮಿಷದಲ್ಲಿ ತೀರ್ಮಾನಿಸಿ.

ಹೆಚ್ಚಿನ 'ಇಲ್ಲ'ಗಳಿಗೆ ಸೋಮಾರಿತನ ಕಾರಣ ಅಲ್ಲ, ಕೆಲಸ ಬರೆದಿರೋ ರೀತಿ ಕಾರಣ. 'ಬೆಲೆಪಟ್ಟಿ ಪರಿಶೀಲನೆ, ಇಬ್ಬರು ಸೇರಿ, ಈ ವಾರ' ಅಂತ ಬರೆದರೆ ಮೂರೂ ಕಡೆ ತೂತು. ಇಬ್ಬರ ಹೆಸರಿದ್ದರೆ ಇಬ್ಬರೂ ಇನ್ನೊಬ್ಬರು ಮಾಡ್ತಾರೆ ಅಂದುಕೊಳ್ತಾರೆ. 'ಪರಿಶೀಲನೆ' ಯಾವಾಗ ಮುಗಿಯಿತು ಅಂತ ಹೇಳೋಕೆ ಆಗಲ್ಲ. 'ಈ ವಾರ' ಅಂದರೆ ಶುಕ್ರವಾರ ಸಂಜೆ. ಸರಿಯಾದ ಸಾಲು ಹೀಗಿರುತ್ತೆ: 'ಬೆಲೆಪಟ್ಟಿಯ ಮೊದಲ 40 ಸಾಲು ಹೋಲಿಸಿ, ವ್ಯತ್ಯಾಸ ಇರೋ ಕಡೆ ಗುರುತು ಹಾಕೋದು. ಹೊಣೆ: ಒಬ್ಬರ ಹೆಸರು. ಬುಧವಾರ ಮಧ್ಯಾಹ್ನ 3ಕ್ಕೆ.' ಜೊತೆಗೆ ಹೊಣೆ ಹೊತ್ತವರ ಬಾಯಲ್ಲೇ ಯಾವಾಗ ಕೂರ್ತಾರೆ ಅಂತ ಹೇಳಿಸಿ: "ಮಂಗಳವಾರ ಊಟ ಆದಮೇಲೆ ಕೂತ ಕೂಡಲೇ ಇದನ್ನು ತೆರೀತೀನಿ." ಪೀಟರ್ ಗೋಲ್‌ವಿಟ್ಜರ್ ಇಂಥ 'ಹೀಗಾದಾಗ ಹೀಗೆ ಮಾಡುತ್ತೇನೆ' ಅನ್ನೋ ಸಂಕಲ್ಪಗಳನ್ನು ದಶಕಗಳಿಂದ ಅಧ್ಯಯನ ಮಾಡಿದ್ದಾರೆ, ಬರೀ ಗುರಿ ಇಟ್ಟುಕೊಂಡವರಿಗಿಂತ ಇವರ ಕೆಲಸ ಹೆಚ್ಚು ಪೂರ್ತಿಯಾಗುತ್ತೆ.

ಒಬ್ಬರ ಹೆಸರಲ್ಲಿ ವಾರಕ್ಕೆ 2ಕ್ಕಿಂತ ಹೆಚ್ಚು ಹೊಸ ಕೆಲಸ ಬೇಡ. 18 ಸಾಲಿನ ಪಟ್ಟಿ ದಾಟಿದರೆ ಮೊದಲ 5 ನಿಮಿಷದಲ್ಲಿ ಓದೋಕೂ ಆಗಲ್ಲ.

ಮಾತು ಹೆಚ್ಚಾಡುವವರ ವಿಷಯ: ಮೀಟಿಂಗ್ ಮಧ್ಯೆ ತಡೆಯೋದು ಕೊನೆಯ ಉಪಾಯ. ಮೊದಲೇ ಖಾಸಗಿಯಾಗಿ ಹೇಳಿ: "ನಿಮ್ಮ ಮಾತು ಬೇಕು, ಆದರೆ ಬೇರೆಯವರು ಓದಿದ ಮೇಲೆ ಬೇಕು. ಅವರು ಬಿಟ್ಟದ್ದನ್ನು ನೀವು ಹಿಡೀಬೇಕು." ಇಬ್ಬರಲ್ಲಿ ಒಬ್ಬರಿಗೆ ಟಿಪ್ಪಣಿ ಬರೆಯೋ ಕೆಲಸ ಕೊಡಿ, ಬರೆಯೋರು ಕೇಳಲೇಬೇಕು. ಇನ್ನೊಬ್ಬರಿಗೆ ಗಡಿಯಾರ. ಅಷ್ಟರ ಮೇಲೂ ಮಾತು ಹರಿದರೆ ಅವರು ಉಸಿರು ತಗೊಳ್ಳೋವಾಗ ಹೇಳಿದ್ದನ್ನು ಒಂದೇ ವಾಕ್ಯದಲ್ಲಿ ಹಿಂದಕ್ಕೆ ಹೇಳಿ, "ಇದನ್ನು ಬರೆದುಕೊಂಡೆ" ಅಂತ ಸೇರಿಸಿ, ಮುಂದಿನವರ ಹೆಸರು ಕರೆಯಿರಿ. ತಮ್ಮ ಮಾತು ತಲುಪಿದೆ ಅಂತ ಖಾತ್ರಿ ಆದರೆ ಬಹಳ ಜನ ತಾವಾಗೇ ನಿಲ್ಲಿಸ್ತಾರೆ.

ಇದು ಶಿಷ್ಟಾಚಾರದ ಪ್ರಶ್ನೆ ಅಷ್ಟೇ ಅಲ್ಲ. ಅನಿತಾ ವುಲಿ ಮತ್ತವರ ಜೊತೆಗಾರರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 699 ಜನರನ್ನು ಸಣ್ಣ ಗುಂಪು ಮಾಡಿ ಬೇರೆಬೇರೆ ಕೆಲಸ ಕೊಟ್ಟರು. ಕೆಲವರೇ ಮಾತನ್ನು ಹಿಡಿದುಕೊಂಡಿದ್ದ ಗುಂಪುಗಳು ಒಟ್ಟಾರೆ ಹಿಂದೆ ಬಿದ್ದವು; ಮಾತು ಸಮವಾಗಿ ಹಂಚಿಹೋಗಿದ್ದ ಗುಂಪುಗಳು ಚೆನ್ನಾಗಿ ಮಾಡಿದವು.

---

ಬೆಳಗಿನಪಾಳಿ ಉತ್ತರ:

ಯಾರೂ ಹೇಳದ ಒಂದು ಸಂಗತಿ: ಮೀಟಿಂಗ್ ಮೊಟಕು ಮಾಡುವ ನಿಯಮವೂ ಬೇಕು. ಭಾನುವಾರ ಸಂಜೆಯೊಳಗೆ ಕಡತದಲ್ಲಿ ತೀರ್ಮಾನದ ಪ್ರಶ್ನೆ ಇಲ್ಲ, ಅಡಚಣೆ ಒಂದಕ್ಕಿಂತ ಹೆಚ್ಚಿಲ್ಲ ಎಂದಾದರೆ 45 ನಿಮಿಷದ್ದನ್ನು 15ಕ್ಕೆ ಇಳಿಸಿ, ಪಟ್ಟಿ ಓದಿ ಬಿಟ್ಟುಬಿಡಿ. 9 ಜನಕ್ಕೆ ತಲಾ ಅರ್ಧ ಗಂಟೆ ಮರಳಿ ಕೊಟ್ಟರೆ ಒಟ್ಟು ನಾಲ್ಕೂವರೆ ಗಂಟೆ ಕೆಲಸಕ್ಕೆ ಸಿಗುತ್ತದೆ.

ಆ ಸಣ್ಣ ಮೀಟಿಂಗ್ ನಿಂತುಕೊಂಡು ಮಾಡಬಹುದು. ಬ್ಲೂಡಾರ್ನ್ ಮತ್ತು ಸಂಗಡಿಗರ 1999ರ ಅಧ್ಯಯನದಲ್ಲಿ ಕೂತು ನಡೆಸಿದ ಸಭೆಗಳು ನಿಂತು ನಡೆಸಿದವಕ್ಕಿಂತ 34% ಹೆಚ್ಚು ಹೊತ್ತು ತೆಗೆದುಕೊಂಡವು, ತೀರ್ಮಾನಗಳ ಗುಣಮಟ್ಟ ಮಾತ್ರ ಒಂದೇ. ಆದರೆ ನಿಲ್ಲಲು ಕಷ್ಟವಾಗುವವರು ತಂಡದಲ್ಲಿದ್ದರೆ ಈ ಉಪಾಯ ಬೇಡ. ಗಡಿಯಾರ ಇಟ್ಟರೂ ಆಗುತ್ತದೆ.

ಪ್ರತಿದಿನದ 15 ನಿಮಿಷದ ಸಭೆಗೆ ಬದಲಿಸೋಣ ಎಂದು ಯಾರಾದರೂ ಹೇಳಬಹುದು. ಅದಕ್ಕೆ ಹೋಗುವುದಾದರೆ 'ನಿನ್ನೆ ಏನು, ಇಂದು ಏನು, ಅಡ್ಡಿ ಏನು' ಎಂಬ ಸರದಿಗೆ ಕಟ್ಟುಬೀಳಬೇಡಿ. ಸಾಫ್ಟ್‌ವೇರ್ ತಂಡಗಳಲ್ಲಿ ಬಳಕೆಯಲ್ಲಿರುವ 'ಸ್ಕ್ರಮ್' ಎಂಬ ಕೆಲಸದ ಪದ್ಧತಿಯ ಕೈಪಿಡಿಯೇ 2020ರ ಆವೃತ್ತಿಯಲ್ಲಿ ಆ ಮೂರು ಪ್ರಶ್ನೆಗಳನ್ನು ತೆಗೆದುಹಾಕಿದೆ. ಸರದಿ ಬಂದರೆ ಜನ ನಾಯಕರ ಕಡೆ ತಿರುಗಿ ವರದಿ ಒಪ್ಪಿಸುತ್ತಾರೆ, ಪರಸ್ಪರ ಮಾತಾಡುವುದಿಲ್ಲ.

---

ಗಡಿಯಾರದಮುಳ್ಳು:

ಮೇಲಿನದೆಲ್ಲವನ್ನೂ ಒಂದೇ ಸೋಮವಾರ ತರಬೇಡಿ, ಜನರಿಗೆ ಹೊಸ ನಿಯಮಗಳ ಹೊರೆ ಅನ್ನಿಸುತ್ತದೆ. ಮೊದಲ ವಾರ ಎರಡೇ ಬದಲಾವಣೆ: ಭಾಷಣ ಇಲ್ಲ, ಕೊನೆಯ 5 ನಿಮಿಷ ಒಪ್ಪಿಕೊಂಡದ್ದನ್ನು ಓದುವುದು. ಎರಡನೇ ವಾರ ಶುಕ್ರವಾರದ ಮೂರು ಸಾಲು ಶುರು ಮಾಡಿ, ಸ್ಟೇಟಸ್ ಸರದಿ ತೆಗೆಯಿರಿ. ಇಲ್ಲಿ ಕೆಲವರು ಬರೆಯುವುದಿಲ್ಲ. ಆಗ ಮೀಟಿಂಗ್‌ನಲ್ಲಿ ಅವರಿಂದ ಬಾಯಲ್ಲಿ ಹೇಳಿಸಿದರೆ ಬರೆದವರಿಗೆ ಬರೆದದ್ದೇ ದಂಡವಾಯಿತು ಅನ್ನಿಸುತ್ತದೆ. ಖಾಲಿ ಸಾಲನ್ನು ಖಾಲಿಯಾಗಿಯೇ ಬಿಟ್ಟು, ಆಮೇಲೆ ಬೇರೆಯಾಗಿ ಮಾತಾಡಿ. ಮೂರನೇ ವಾರ ಪ್ರದರ್ಶನ, ನಾಲ್ಕನೇ ವಾರ ಮೌನ ಬರವಣಿಗೆ.

ಐದನೇ ವಾರದಿಂದ ನಡೆಸುವ ಕೆಲಸವನ್ನೇ ಸರದಿಗೆ ಹಾಕಿ, ತಲಾ ಎರಡು ವಾರ. ನಡೆಸುವವರಿಗೆ ಹಿಂದಿನ ಶುಕ್ರವಾರ 15 ನಿಮಿಷ ಕೊಡಿ: ಕಡತ ಓದಿ ಮೂರು ಅಡಚಣೆ ಆಯ್ದುಕೊಳ್ಳಲು, ತೀರ್ಮಾನದ ಪ್ರಶ್ನೆಯನ್ನು ಒಂದು ವಾಕ್ಯಕ್ಕೆ ಇಳಿಸಲು ಅಷ್ಟು ಸಾಕು. ಆ ದಿನ ನಾಯಕರು ಉಳಿದವರಂತೆ ಒಂದು ಕುರ್ಚಿಯಲ್ಲಿ ಕೂತು, ತಮ್ಮ ಹೆಸರಿನ ಸಾಲು ಬಂದಾಗ 'ಆಯಿತು' ಅಥವಾ 'ಇಲ್ಲ' ಹೇಳಿದರೆ ಆಯಿತು.